ಆಪತ್ಕಾಲದ ಬೊಕ್ಕಸವೂ ಅಧಿಕಾರಿಯ ಲೆಕ್ಕವೂ

(ಮಹೋತ್ಸವದ ಸಭೆಯಲ್ಲಿ ಜರುಗಿದ ಉಪನ್ಯಾಸದ ಬರಹರೂಪ)



ಮಠದ ಮಹೋತ್ಸವದಲ್ಲಿ ರಾಜ್ಯದ ಆಯವ್ಯಯದ ಮಾತೇಕೆಂದು ಕೆಲವರಿಗೆ ಆಶ್ಚರ್ಯವುಂಟಾಗಬಹುದು. ಆದರೆ ಶರಣಪರಂಪರೆಯ ಮೊದಲಲ್ಲಿಯೇ ಒಂದು ಬೊಕ್ಕಸವಿರುವುದು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳರಾಯನ ಭಂಡಾರಿಗಳಾಗಿದ್ದರೆಂಬುದು ಸರ್ವವಿದಿತವು. ರಾಜಭಂಡಾರದ ಹೊನ್ನು ಜಂಗಮರ ದಾಸೋಹಕ್ಕೆ ಸುರಿದುಹೋಗುತ್ತಿದೆಯೆಂದು ಅಸೂಯಾಪರರು ಅರಸನಲ್ಲಿ ದೂರಿದರೆಂದೂ, ಆಗ ಭಂಡಾರವನ್ನು ತೆರೆದು ಹೊನ್ನನ್ನೆಣಿಸಲಾಗಿ ಒಂದು ಕಾಸೂ ಕಡಮೆಯಾಗಿರಲಿಲ್ಲವೆಂದೂ ಪುರಾಣವು ಹೇಳುತ್ತದೆ. ಭಕ್ತರು ಈ ಕಥೆಯನ್ನು ಮಹಿಮೆಯಾಗಿ ಕೇಳುವರು, ಅದು ಸರಿಯೇ. ಆದರೆ ಅದರಲ್ಲಿ ಮತ್ತೊಂದು ಅಂಶವಡಗಿದೆ. ಸಂಶಯವು ಹುಟ್ಟಿದಾಗ ಭಂಡಾರದ ಬಾಗಿಲು ಮುಚ್ಚಲಿಲ್ಲ, ತೆರೆಯಿತು. ದಾಸೋಹವು ಪುಣ್ಯಕಾರ್ಯವಾದುದರಿಂದ ಲೆಕ್ಕ ಕೇಳಬಾರದೆಂಬ ವಾದವು ಅಲ್ಲಿ ಹುಟ್ಟಲಿಲ್ಲ. ಆ ಎಣಿಕೆಯಿಂದ ಚಾಡಿಕೋರರ ಬಾಯಿ ಮುಚ್ಚಿತು; ನಿರ್ದೋಷಿಯ ಕೀರ್ತಿಯು ಉಳಿಯಿತು. ಲೆಕ್ಕವು ಕಳ್ಳನನ್ನು ಹಿಡಿಯುವ ಬಲೆಯೆಂದು ಲೋಕವು ತಿಳಿದಿದೆ. ಅದು ಪ್ರಾಮಾಣಿಕನನ್ನು ಕಾಯುವ ಕವಚವೂ ಆಗಿರುವುದನ್ನು ಈ ಕಥೆಯು ತೋರಿಸುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಸುಭಿಕ್ಷಕಾಲದಲ್ಲಿ ಲೆಕ್ಕಪತ್ರವು ಯುಕ್ತವೇ. ಮಹಾಮಾರಿಯು ಬಾಗಿಲಿಗೆ ಬಂದಾಗ, ಜನರು ಉಸಿರಿಲ್ಲದೆ ಸಾಯುತ್ತಿರುವಾಗ, ಟೆಂಡರು ಕರೆದು ರಶೀತಿ ಕೂಡಿಸುತ್ತ ಕುಳಿತುಕೊಳ್ಳುವುದೇ? ಮನೆಗೆ ಬೆಂಕಿ ಬಿದ್ದಾಗ ನೀರಿನ ಕೊಡದ ಬೆಲೆಯನ್ನು ಯಾರಾದರೂ ಕೇಳುವರೇ? ಈ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆಪದ್ಧರ್ಮವೆಂಬುದನ್ನು ಶಾಸ್ತ್ರಗಳೂ ಒಪ್ಪಿರುವುವು. ಆದರೆ ಆಪದ್ಧರ್ಮವು ಸಡಿಲಿಸುವುದು ಕಾಲದ ನಿಯಮವನ್ನೇ ಹೊರತು ಸತ್ಯದ ನಿಯಮವನ್ನಲ್ಲ. ಬೆಂಕಿ ಉರಿಯುವಾಗ ಕೊಡದ ಬೆಲೆಯನ್ನು ಕೇಳದಿದ್ದರೆ ದೋಷವಿಲ್ಲ. ಬೆಂಕಿ ಆರಿದ ಮೇಲೂ ಎಷ್ಟು ಕೊಡಗಳು ಬಂದುವು, ಯಾರ ಮನೆಯಿಂದ ಬಂದುವು, ಎಷ್ಟು ತೂತಾಗಿದ್ದುವು ಎಂದು ಹೇಳಲೊಲ್ಲದಿದ್ದರೆ ಅದು ದೋಷವು.

ಇದು ಬರಿಯ ತರ್ಕದ ಮಾತಲ್ಲ. ೨೦೨೦ನೆಯ ಇಸವಿಯಲ್ಲಿ ಕೊರೋನಾ ಮಹಾಮಾರಿಯು ಲೋಕವನ್ನೆಲ್ಲ ಆವರಿಸಿದುದನ್ನು ಈ ಸಭೆಯಲ್ಲಿ ಮರೆತವರಿರಲಾರರು. ಭಾರತದಲ್ಲಿ ಆ ರೋಗದಿಂದ ಸಂಭವಿಸಿದುದೆಂದು ನಿರ್ಣಯವಾದ ಮೊದಲನೆಯ ಮರಣವು ಕನ್ನಡನಾಡಿನ ಕಲಬುರಗಿಯವರೊಬ್ಬರದು. ಅದು ಆ ವರ್ಷದ ಮಾರ್ಚ್ ೧೦ರಂದು ಆಯಿತು. ತರುವಾಯ ಎಲ್ಲ ಸರ್ಕಾರಗಳೂ ಬೊಕ್ಕಸವನ್ನು ತೆರೆದು ಅವಸರದಿಂದ ವೆಚ್ಚಮಾಡಿದುವು. ಆ ವೆಚ್ಚದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ನೋಡುವುದಕ್ಕೆ ಬ್ರಿಟನ್ ದೇಶದ ವೃತ್ತಾಂತವು ಹೆಚ್ಚು ಅನುಕೂಲವಾದುದು. ಅಲ್ಲಿಯ ಜನರು ಭಾರತೀಯರಿಗಿಂತ ಸಜ್ಜನರೆಂದಾಗಲಿ ದುರ್ಜನರೆಂದಾಗಲಿ ಅಲ್ಲ. ಅಲ್ಲಿ ತಪ್ಪುಗಳು ನಡೆದುವು, ಆ ತಪ್ಪುಗಳ ಲೆಕ್ಕವೂ ಅಚ್ಚಾಗಿ ಹೊರಬಿದ್ದಿತು, ಅದಕ್ಕಾಗಿ.

ಆ ವರ್ಷದ ಮಾರ್ಚ್ ೨೩ರಂದು ಬ್ರಿಟನ್ನಿನ ಪ್ರಧಾನಮಂತ್ರಿಗಳಾದ ಬೋರಿಸ್ ಜಾನ್ಸನ್ ಅವರು ಜನರೆಲ್ಲರೂ ಮನೆಯಲ್ಲಿಯೇ ಇರಬೇಕೆಂದು ಆಜ್ಞಾಪಿಸಿದರು. ಆಸ್ಪತ್ರೆಗಳಲ್ಲಿ ವೈದ್ಯರಿಗೂ ದಾದಿಯರಿಗೂ ಮುಖವಾಡ, ಕೈಚೀಲ, ನಿಲುವಂಗಿಗಳು ಸಾಲದೆ ಹೋದುವು. ಕೆಲವೆಡೆ ದಾದಿಯರು ಕಸದ ಚೀಲಗಳನ್ನೇ ಹೊದ್ದುಕೊಂಡು ರೋಗಿಗಳ ಶುಶ್ರೂಷೆ ಮಾಡಿದರೆಂದು ಪತ್ರಿಕೆಗಳು ವರದಿಮಾಡಿದುವು. ಲೋಕದ ಸಮಸ್ತ ದೇಶಗಳೂ ಏಕಕಾಲದಲ್ಲಿ ಅದೇ ವಸ್ತುವಿಗಾಗಿ ಕೈಚಾಚಿದುದರಿಂದ ಬೆಲೆಯು ಆಕಾಶಕ್ಕೇರಿತು. ಫೆಬ್ರುವರಿಯಿಂದ ಜುಲೈವರೆಗೆ ಸರ್ಕಾರವು ೩,೨೦೦ ಕೋಟಿ ರಕ್ಷಣೋಪಕರಣಗಳಿಗಾಗಿ ೧,೨೫೦ ಕೋಟಿ ಪೌಂಡುಗಳನ್ನು ವೆಚ್ಚಮಾಡಿತು. ಹಿಂದಿನ ವರ್ಷದ ಬೆಲೆಗೆ ದೊರೆತಿದ್ದರೆ ಅವಕ್ಕೆ ೨೫೦ ಕೋಟಿ ಪೌಂಡುಗಳು ಸಾಕಾಗುತ್ತಿದ್ದುವು. ಅವಸರಕ್ಕೆ ತೆತ್ತ ಬೆಲೆ ಇಷ್ಟು.

ಇದಕ್ಕೆ ಯಾರನ್ನೂ ದೂರಬೇಕಾಗಿಲ್ಲ. ದೂರಿಗೆ ಕಾರಣವಾದುದು ಬೇರೆ. ಜುಲೈ ಕೊನೆಯ ಹೊತ್ತಿಗೆ ಮಹಾಮಾರಿಯ ನಿಮಿತ್ತ ೧,೮೦೦ ಕೋಟಿ ಪೌಂಡು ಬೆಲೆಯ ೮,೬೦೦ಕ್ಕೂ ಹೆಚ್ಚು ಒಪ್ಪಂದಗಳಾಗಿದ್ದುವು. ಅವುಗಳಲ್ಲಿ ೧,೦೫೦ ಕೋಟಿ ಪೌಂಡಿನ ಒಪ್ಪಂದಗಳು ಯಾವ ಸ್ಪರ್ಧೆಯೂ ಇಲ್ಲದೆ ನೇರವಾಗಿ ಕೊಡಲ್ಪಟ್ಟುವು. ಮೇಲಾಗಿ, ಸರಕು ಒದಗಿಸುವೆವೆಂದು ಬಂದವರಿಗೆ ಎರಡು ಬಾಗಿಲುಗಳಿದ್ದುವು. ಮಂತ್ರಿಗಳು, ಪಾರ್ಲಿಮೆಂಟಿನ ಸದಸ್ಯರು, ಹಿರಿಯ ಅಧಿಕಾರಿಗಳು ಮೊದಲಾದವರ ಶಿಫಾರಸಿನಿಂದ ಬಂದವರಿಗೆ ಒಂದು, ಉಳಿದವರಿಗೆ ಒಂದು. ಮೊದಲನೆಯ ಬಾಗಿಲಿನಲ್ಲಿ ಬಂದ ೪೯೩ ಮಂದಿಯಲ್ಲಿ ೪೭ ಮಂದಿಗೆ ಒಪ್ಪಂದವು ದೊರೆಯಿತು. ಎರಡನೆಯದರಲ್ಲಿ ಬಂದ ೧೪,೮೯೨ ಮಂದಿಯಲ್ಲಿ ೧೦೪ ಮಂದಿಗೆ ಮಾತ್ರ. ಅಂದರೆ ಪರಿಚಯವುಳ್ಳವರಲ್ಲಿ ಹತ್ತಕ್ಕೊಬ್ಬರಿಗೆ ಫಲ, ಪರಿಚಯವಿಲ್ಲದವರಲ್ಲಿ ನೂರಕ್ಕೊಬ್ಬರಿಗೂ ಇಲ್ಲ. ಕೆಲವು ಒಪ್ಪಂದಗಳಲ್ಲಿ ಇವರನ್ನೇ ಏಕೆ ಆರಿಸಲಾಯಿತೆಂಬುದಕ್ಕೆ ಸರಿಯಾದ ಬರಹವೇ ಇರಲಿಲ್ಲ.

ಈ ಅಂಕೆಗಳು ಲೋಕಕ್ಕೆ ತಿಳಿದುದು ಹೇಗೆ? ಮಂತ್ರಿಗಳು ತಾವಾಗಿ ಹೇಳಿದುದರಿಂದಲ್ಲ. ವೈರಿಪಕ್ಷದ ಗಾಳಿಮಾತಿನಿಂದಲೂ ಅಲ್ಲ. ೨೦೨೦ರ ನವೆಂಬರಿನಲ್ಲಿ, ಮಹಾಮಾರಿಯು ಇನ್ನೂ ಅಡಗಿರದಿದ್ದಾಗಲೇ, ಆ ದೇಶದ ರಾಷ್ಟ್ರೀಯ ಲೆಕ್ಕಪರಿಶೋಧನ ಕಚೇರಿಯು ಇವನ್ನು ಪ್ರಕಟಿಸಿತು. ಗ್ಲಾಡ್‌ಸ್ಟನ್ ಎಂಬ ಅರ್ಥಸಚಿವನ ಕಾಲದಲ್ಲಿ, ೧೮೬೧ರಲ್ಲಿ ಪಾರ್ಲಿಮೆಂಟಿನ ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿಯೂ, ೧೮೬೬ರ ಶಾಸನದಿಂದ ಮಹಾಲೆಕ್ಕಪರಿಶೋಧಕನ ಪದವಿಯೂ ಅಲ್ಲಿ ಸ್ಥಾಪಿತವಾದುವು. ಆ ಸಮಿತಿಯ ಅಧ್ಯಕ್ಷತೆಯನ್ನು ವಿರೋಧಪಕ್ಷದವರಿಗೆ ಕೊಡುವುದು ರೂಢಿ. ವೆಚ್ಚಮಾಡುವ ಕೈಯೇ ಎಣಿಸುವ ಕೈಯಾಗಬಾರದೆಂಬುದು ಇದರ ತಾತ್ಪರ್ಯವು.

ಭರತಖಂಡದ ಪ್ರಾಚೀನರಿಗೆ ಈ ವಿವೇಕವು ಅಪರಿಚಿತವಾಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಧಿಕಾರಿಗಳು ರಾಜದ್ರವ್ಯವನ್ನಪಹರಿಸುವ ನಾಲ್ವತ್ತು ಬಗೆಗಳನ್ನು ಎಣಿಸಿದೆ. ಆ ಗ್ರಂಥದ ಓಲೆಯ ಪ್ರತಿಯನ್ನು ಮೈಸೂರಿನಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚುಮಾಡಿಸಿದ ಕೀರ್ತಿಯು ಪಂಡಿತ ಆರ್. ಶಾಮಾಶಾಸ್ತ್ರಿಗಳದು. ನಾಲ್ವತ್ತು ಬಗೆಗಳನ್ನು ಬರೆದಿಟ್ಟವನು ಅಧಿಕಾರಿಗಳೆಲ್ಲರೂ ಕಳ್ಳರೆಂದು ತಿಳಿದಿದ್ದನೆನ್ನಲಾಗದು. ಮನುಷ್ಯಸ್ವಭಾವವನ್ನು ಬಲ್ಲವನು ನಂಬಿಕೆಯನ್ನು ಲೆಕ್ಕದ ಮೇಲೆ ಕಟ್ಟುವನು, ಲೆಕ್ಕವನ್ನು ನಂಬಿಕೆಯ ಮೇಲೆ ಕಟ್ಟುವುದಿಲ್ಲ.

ಬ್ರಿಟನ್ನಿನ ಕಥೆಗೆ ಮರಳಿದರೆ, ಲೆಕ್ಕದ ನಿಜವಾದ ಪ್ರಯೋಜನವು ೨೦೨೨ರಲ್ಲಿ ಕಂಡುಬಂದಿತು. ೨೦೨೦–೨೧ನೆಯ ಸಾಲಿನಲ್ಲಿ ಕೊಂಡ ಸುಮಾರು ೧,೨೦೦ ಕೋಟಿ ಪೌಂಡಿನ ರಕ್ಷಣೋಪಕರಣಗಳಲ್ಲಿ ೮೭೦ ಕೋಟಿಯಷ್ಟು ಮೌಲ್ಯವು ನಷ್ಟವಾಯಿತೆಂದು ಆರೋಗ್ಯ ಇಲಾಖೆಯು ತನ್ನ ಲೆಕ್ಕದಲ್ಲಿ ಬರೆದುಕೊಂಡಿತು. ಈ ಒಂದು ಅಂಕೆಯನ್ನು ಮಾತ್ರ ಕೇಳಿದವನು ಎಲ್ಲವೂ ಕಳ್ಳರ ಪಾಲಾಯಿತೆಂದು ಕೂಗುವನು. ಆದರೆ ಲೆಕ್ಕವನ್ನು ಬಿಡಿಸಿ ನೋಡಿದರೆ, ಅದರಲ್ಲಿ ೪೭೦ ಕೋಟಿಯು ಮಾರುಕಟ್ಟೆಯ ಬೆಲೆ ಇಳಿದುದರಿಂದಾದ ನಷ್ಟವು. ಅದನ್ನು ತಪ್ಪಿಸುವುದು ದುಸ್ಸಾಧ್ಯವಾಗಿತ್ತು. ೭೫ ಕೋಟಿಯು ಬೇಕಾದುದಕ್ಕಿಂತ ಹೆಚ್ಚಾಗಿ ಕೊಂಡು ಅವಧಿ ಮೀರುವ ಸರಕಿನದು. ಅದು ಅಂದಾಜಿನ ತಪ್ಪು. ೨೬೦ ಕೋಟಿಯು ಆಸ್ಪತ್ರೆಯ ಉಪಯೋಗಕ್ಕೆ ತಕ್ಕುದಲ್ಲದ ಸರಕಿನದು. ೬೭ ಕೋಟಿಯು ದೋಷಯುಕ್ತವಾಗಿ ಯಾವ ಉಪಯೋಗಕ್ಕೂ ಬಾರದುದರದು. ಪ್ರಶ್ನೆ ಕೇಳಬೇಕಾದುದು ಮುಖ್ಯವಾಗಿ ಈ ಕೊನೆಯವುಗಳ ವಿಷಯದಲ್ಲಿ. ಹೀಗೆ ಲೆಕ್ಕವು ದೈವದ ಹೊಡೆತ, ಬುದ್ಧಿಯ ತಪ್ಪು, ಮನಸ್ಸಿನ ಕಳವು ಎಂಬ ಮೂರನ್ನೂ ಬೇರೆ ಬೇರೆ ಮಾಡುವುದಕ್ಕೆ ದಾರಿಕೊಡುತ್ತದೆ. ಲೆಕ್ಕವಿಲ್ಲದೆಡೆಯಲ್ಲಿ ಮೂರಕ್ಕೂ ಒಂದೇ ಬಣ್ಣ. ಅಲ್ಲಿ ಪ್ರಾಮಾಣಿಕನು ಕಳ್ಳನೆನಿಸಿಕೊಳ್ಳುವನು, ಕಳ್ಳನು ದುರ್ದೈವವನ್ನು ಹಳಿದು ಪಾರಾಗುವನು.

ನ್ಯಾಯಸ್ಥಾನವೂ ಸುಮ್ಮನಿರಲಿಲ್ಲ. ಒಪ್ಪಂದಗಳನ್ನು ೩೦ ದಿನಗಳೊಳಗಾಗಿ ಪ್ರಕಟಿಸಬೇಕೆಂಬ ನಿಯಮವನ್ನು ಆರೋಗ್ಯಮಂತ್ರಿಗಳು ಪಾಲಿಸದೆಹೋದುದು ಕಾನೂನಿಗೆ ವಿರುದ್ಧವೆಂದು ಲಂಡನ್ನಿನ ಹೈಕೋರ್ಟು ೨೦೨೧ರ ಫೆಬ್ರುವರಿಯಲ್ಲಿ ತೀರ್ಪಿತ್ತಿತು. ಎರಡು ಬಾಗಿಲುಗಳ ಏರ್ಪಾಡು ಸಮಾನತೆಗೆ ವಿರುದ್ಧವಾದುದೆಂದು ೨೦೨೨ರ ಜನವರಿಯಲ್ಲಿ ಹೇಳಿತು. ಆದರೂ ಆ ವ್ಯಾಜ್ಯದಲ್ಲಿದ್ದ ಸರಕುದಾರರಿಗೆ ಸಾಮಾನ್ಯ ಮಾರ್ಗದಲ್ಲಿಯೂ ಒಪ್ಪಂದವು ದೊರೆಯುವ ಸಂಭವವಿತ್ತೆಂದು ನ್ಯಾಯವಾಗಿಯೇ ಒಪ್ಪಿಕೊಂಡಿತು. ಕ್ರಿಮಿಶುದ್ಧವೆಂದು ಸಿದ್ಧಪಡಿಸಲಾಗದ ೨ ಕೋಟಿ ೫೦ ಲಕ್ಷ ನಿಲುವಂಗಿಗಳನ್ನು ಒದಗಿಸಿದ ಕಂಪನಿಯೊಂದು ಸುಮಾರು ೧೨ ಕೋಟಿ ೨೦ ಲಕ್ಷ ಪೌಂಡುಗಳನ್ನು ಹಿಂದಿರುಗಿಸಬೇಕೆಂಬ ತೀರ್ಪು ೨೦೨೫ರ ಅಕ್ಟೋಬರಿನಲ್ಲಿ ಬಂದಿತು. ಒಪ್ಪಂದವಾಗಿ ಐದು ವರ್ಷಗಳು ಕಳೆದಿದ್ದುವು. ತಡವಾದ ಲೆಕ್ಕದಿಂದ ಸತ್ಯವು ತಿಳಿಯಬಹುದು. ಹಣವು ಮರಳುವುದು ಕಷ್ಟ.

ಇನ್ನು ನಾಯಕತ್ವದ ಮಾತು. ಪ್ರಜೆಗಳಿಗೆ ಕಟ್ಟುಪಾಡು ವಿಧಿಸಿದ ಪ್ರಧಾನಮಂತ್ರಿಗಳು ಅದೇ ಕಟ್ಟುಪಾಡನ್ನು ತಮ್ಮ ಕಾರ್ಯಾಲಯದಲ್ಲಿ ಮೀರಿದರೆಂದು ೨೦೨೨ರ ಏಪ್ರಿಲಿನಲ್ಲಿ ಪೋಲೀಸರಿಂದ ದಂಡಕ್ಕೆ ಗುರಿಯಾದರು. ಮುಮೂರ್ಷುಗಳಾದ ತಾಯಿತಂದೆಗಳ ಮುಖವನ್ನು ಕಡೆಯ ಸಲ ನೋಡಲು ಕಟ್ಟಳೆಯು ಬಿಡದಿದ್ದ ಮನೆಗಳಲ್ಲಿ ಆ ಸುದ್ದಿಯು ಎಂತಹ ವ್ಯಥೆಯನ್ನುಂಟುಮಾಡಿತೆಂಬುದನ್ನು ಊಹಿಸಬಹುದು. ದಂಡದ ಹಣವು ಅಲ್ಪವು. ಕಳೆದುಹೋದ ವಿಶ್ವಾಸವು ಯಾವ ಬೊಕ್ಕಸದಲ್ಲಿಯೂ ಸಿಕ್ಕುವುದಲ್ಲ. ಕಾಲಕ್ಕೂ ಲೆಕ್ಕವುಂಟು. ಮನೆಯಲ್ಲಿರಬೇಕೆಂಬ ಆಜ್ಞೆಯು ಒಂದು ವಾರ ಮುಂಚೆ ಹೊರಟಿದ್ದರೆ ಮೊದಲನೆಯ ಅಲೆಯಲ್ಲಿ ಇಂಗ್ಲೆಂಡಿನಲ್ಲಿಯೇ ಸುಮಾರು ೨೩,೦೦೦ ಮರಣಗಳು ಕಡಮೆಯಾಗುತ್ತಿದ್ದುವೆಂದು ಬ್ಯಾರನೆಸ್ ಹ್ಯಾಲೆಟ್ ಅವರ ವಿಚಾರಣಾ ಮಂಡಲಿಯು ೨೦೨೫ರ ನವೆಂಬರಿನ ವರದಿಯಲ್ಲಿ ತಿಳಿಸಿದೆ. ಹಣದ ಪುಸ್ತಕದಲ್ಲಿ ಬರೆಯಲಾಗದ ನಷ್ಟವಿದು.

ಅದೇ ಸರ್ಕಾರದಲ್ಲಿ ಬೇರೊಂದು ದೃಷ್ಟಾಂತವೂ ಉಂಟು. ಚಿಕ್ಕ ವ್ಯಾಪಾರಿಗಳಿಗಾಗಿ ಸರ್ಕಾರದ ಪೂರ್ಣ ಹೊಣೆಯ ಮೇಲೆ ಬ್ಯಾಂಕುಗಳಿಂದ ೫೦,೦೦೦ ಪೌಂಡುಗಳವರೆಗೆ ಸಾಲ ಕೊಡಿಸುವ ಏರ್ಪಾಡಾಗಿತ್ತು. ಅದರಲ್ಲಿ ರೋಗವು ಬಂದಾಗ ವ್ಯಾಪಾರವನ್ನೇ ನಡೆಸದಿದ್ದ ಸಾವಿರಕ್ಕೂ ಹೆಚ್ಚು ಕಂಪನಿಗಳು ಸಾಲ ಪಡೆದುವು. ಸರ್ಕಾರದಲ್ಲಿ ವಂಚನೆಯ ತಡೆಗೆ ಹೊಣೆಗಾರರಾಗಿದ್ದ ಲಾರ್ಡ್ ಆಗ್ನ್ಯೂ ಎಂಬ ಮಂತ್ರಿಗಳು ೨೦೨೨ರ ಜನವರಿ ೨೪ರಂದು ಪ್ರಭುಸಭೆಯಲ್ಲಿ ಎದ್ದುನಿಂತು, ತಮ್ಮ ಸರ್ಕಾರವು ಈ ವಂಚನೆಯನ್ನು ತಡೆಯುವುದರಲ್ಲಿ ತೀರ ಸೋತಿದೆಯೆಂದು ಹೇಳಿ, ಅಲ್ಲಿಯೇ ಪದವಿಯನ್ನು ತ್ಯಜಿಸಿ ಹೊರನಡೆದರು. ಅಧಿಕಾರವನ್ನು ಹಿಡಿದುಕೊಳ್ಳುವುದಕ್ಕೆ ನೂರು ಕಾರಣಗಳು ದೊರೆಯುವುವು. ಸತ್ಯವನ್ನು ಹೇಳಿ ಬಿಟ್ಟುಕೊಡುವುದಕ್ಕೆ ಒಂದೇ ಕಾರಣ ಸಾಕು.

ಅವಸರದ ವೆಚ್ಚವೆಲ್ಲವೂ ವ್ಯರ್ಥವಾಗುವುದೆಂದು ತಿಳಿಯಬಾರದು. ಫಲಿಸುವುವೋ ಇಲ್ಲವೋ ಎಂಬುದು ನಿಶ್ಚಯವಾಗುವ ಮೊದಲೇ ಹಲವು ಬಗೆಯ ಲಸಿಕೆಗಳಿಗೆ ಅದೇ ದೇಶವು ಹಣ ಕಟ್ಟಿತು. ೨೦೨೦ರ ಡಿಸೆಂಬರ್ ೮ರಂದು ಅಲ್ಲಿ ಲಸಿಕೆ ಹಾಕುವ ಕಾರ್ಯವು ಮೊದಲಾಗಿ ಅಸಂಖ್ಯಾತರ ಪ್ರಾಣವುಳಿಯಿತು. ಆದುದರಿಂದ ಧೈರ್ಯವಾಗಿ ವೆಚ್ಚಮಾಡುವುದೂ ನಿಷ್ಠೆಯಿಂದ ಲೆಕ್ಕವೊಪ್ಪಿಸುವುದೂ ವಿರೋಧಿಗಳಲ್ಲ. ಒಂದೇ ಧರ್ಮದ ಎರಡು ಮುಖಗಳು.

ಭಾರತದ ಸಂವಿಧಾನವು ೧೪೮ನೆಯ ಅನುಚ್ಛೇದದಲ್ಲಿ ಮಹಾಲೆಕ್ಕಪರಿಶೋಧಕನನ್ನು ಸ್ಥಾಪಿಸಿ, ಅವನ ಪದಚ್ಯುತಿಯನ್ನು ಸುಪ್ರೀಮ್ ಕೋರ್ಟಿನ ನ್ಯಾಯಾಧೀಶರದರಷ್ಟೇ ಕಠಿನವಾಗಿ ಮಾಡಿದೆ. ಕರ್ನಾಟಕ ಸರ್ಕಾರವು ಮಹಾಮಾರಿಯ ಕಾಲದ ಖರೀದಿಗಳನ್ನು ವಿಚಾರಿಸುವುದಕ್ಕಾಗಿ ೨೦೨೩ರ ಆಗಸ್ಟಿನಲ್ಲಿ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೇಲ್ ಡಿಕುನ್ಹ ಅವರ ಆಯೋಗವನ್ನು ನೇಮಿಸಿತು. ಆಗ ರಾಜ್ಯದಲ್ಲಿ ಅಧಿಕಾರವು ಒಂದು ಪಕ್ಷದಿಂದ ಮತ್ತೊಂದಕ್ಕೆ ಬಂದಿತ್ತು. ಹೀಗೆ ಪಕ್ಷವು ಬದಲಾದಾಗ ಹುಟ್ಟುವ ವಿಚಾರಣೆಯು, ಅದೆಷ್ಟೇ ನ್ಯಾಯವಾಗಿರಲಿ, ಕೆಲವರ ಕಣ್ಣಿಗೆ ಸೇಡಿನಂತೆ ತೋರುವುದು. ನಿಯಮದಿಂದ ವರ್ಷವರ್ಷವೂ ತಾನಾಗಿ ನಡೆಯುವ ಎಣಿಕೆಗೆ ಆ ಕಳಂಕವಿಲ್ಲ. ಆದುದರಿಂದ ಸಜ್ಜನರು ಬಯಸಬೇಕಾದುದು ತಮ್ಮ ಪಕ್ಷದ ಜಯವನ್ನಲ್ಲ, ಎಲ್ಲ ಪಕ್ಷಗಳಿಗೂ ಸಮನಾದ ಲೆಕ್ಕವನ್ನು.

ಸದ್ಭಕ್ತರೇ, ಮಠದ ದಾಸೋಹಕ್ಕೆ ಬಡ ಒಕ್ಕಲಿಗನು ತನ್ನ ಕಾಯಕದ ಬೆವರಿನಿಂದ ಬೆಳೆದ ಒಂದು ಸೇರು ಜೋಳವನ್ನು ತಂದೊಪ್ಪಿಸಿದರೆ ಅದು ಪುಸ್ತಕದಲ್ಲಿ ಬರೆಯಲ್ಪಡಬೇಕು. ಅವನ ಮೇಲೆ ಅಪನಂಬಿಕೆಯಿಂದಲ್ಲ, ಅವನ ಬೆವರಿನ ಮೇಲಣ ಗೌರವದಿಂದ. ತೆರಿಗೆಯೂ ಅಂತಹುದೇ. ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಕಾರನ ಕಾಸು ಅದರಲ್ಲಿ ಸೇರಿದೆ. ಮುಂದೆಯೂ ಮಹಾಮಾರಿಗಳು ಬಾರದಿರಲಾರವು. ಆಗ ಬೊಕ್ಕಸದ ಬಾಗಿಲು ಬೇಗ ತೆರೆಯಲಿ. ತೆರೆದ ಬಾಗಿಲು ಲೆಕ್ಕದ ಹೊತ್ತಿಗೆ ಮುಚ್ಚದಿರಲಿ. ಕಲ್ಯಾಣದ ಭಂಡಾರದ ಕಥೆಯು ಕಲಿಸುವುದು ಇಷ್ಟೇ: ಎಣಿಸಿಕೊಳ್ಳಲು ಅಂಜದವನ ಕೈಯಲ್ಲಿಯೇ ಹೊನ್ನು ಸುರಕ್ಷಿತವು.