ಆಟದ ತಂಡ, ಕೆಲಸದ ತಂಡ

ನೌಕರರನ್ನು ಊರಾಚೆಯ ರೆಸಾರ್ಟಿಗೆ ಕರೆದೊಯ್ದು ಹಗ್ಗ ಜಗ್ಗಿಸುವುದು, ಕಣ್ಣು ಮುಚ್ಚಿ ಹಿಂದಕ್ಕೆ ಬೀಳುವವರನ್ನು ಸಹೋದ್ಯೋಗಿಗಳಿಂದ ಹಿಡಿಸುವುದು ಬೆಂಗಳೂರಿನ ಕಂಪನಿಗಳಲ್ಲಿ ಮಾಮೂಲು. ಟೀಂ ಬಿಲ್ಡಿಂಗ್ ಎನ್ನುವ ಈ ಚಟುವಟಿಕೆಯ ಹಿಂದಿನ ನಂಬಿಕೆ ಇಷ್ಟೆ: ಕೂಡಿ ಆಡಿದವರು ಕೂಡಿ ದುಡಿಯುತ್ತಾರೆ. ಅದನ್ನು ಸಂಶಯಿಸಲು ಕಾರಣಗಳಿವೆ.

1954ರಲ್ಲಿ ಮನೋವಿಜ್ಞಾನಿ ಮುಜಫರ್ ಶೆರೀಫ್ ಅಮೆರಿಕದ ಒಕ್ಲಹೋಮದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಶಿಬಿರ ನಡೆಸಿದರು. ಪಂದ್ಯಗಳು ದ್ವೇಷ ಬೆಳೆಸಿದವು. ಒಟ್ಟಿಗೆ ಸಿನಿಮಾ ತೋರಿಸಿದರೂ ಊಟ ಹಾಕಿಸಿದರೂ ಅದು ಇಳಿಯಲಿಲ್ಲ. ಊಟದ ಮನೆಯಲ್ಲೇ ಆಹಾರದ ಎರಚಾಟವಾಯಿತು. ನೀರು ಬರುವುದು ನಿಂತಾಗ, ಕೆಟ್ಟು ನಿಂತ ಲಾರಿ ಎಳೆಯಬೇಕಾದಾಗ ಮಾತ್ರ ಹುಡುಗರು ಹತ್ತಿರವಾದರು. ಆ ತೊಂದರೆಗಳನ್ನು ಹೂಡಿದ್ದು ಸಂಶೋಧಕರೇ ಎಂಬುದನ್ನೂ ಹೇಳಬೇಕು.

1999ರಲ್ಲಿ ಸಂಶೋಧಕ ಎಡ್ವರ್ಡೊ ಸಲಾಸ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಟೀಂ ಬಿಲ್ಡಿಂಗಿನಿಂದ ಕೆಲಸದ ಫಲಿತಾಂಶದ ಮೇಲೆ ಒಟ್ಟಾರೆ ಗಮನಾರ್ಹ ಪರಿಣಾಮ ಅವರಿಗೆ ಕಾಣಲಿಲ್ಲ. 2009ರ ಮತ್ತೊಂದು ಪರಿಶೀಲನೆ ಇಷ್ಟು ಕಟುವಾಗಿರಲಿಲ್ಲ. ಆದರೂ ಹೆಚ್ಚು ಫಲ ಕಂಡದ್ದು ಗುರಿ ಗೊತ್ತುಮಾಡಿಕೊಂಡಾಗ, ಯಾರ ಕೆಲಸ ಯಾವುದೆಂದು ಸ್ಪಷ್ಟವಾದಾಗ.

ಚನ್ನಗಿರಿಯ ಅಡಿಕೆ ಕೊಯ್ಲಿನಲ್ಲಿ ಈ ಸ್ಪಷ್ಟತೆ ಕೆಲಸದೊಳಗೇ ಇರುತ್ತದೆ. ಗೊನೆ ಇಳಿಸುವವರು, ಹೊರುವವರು, ಸುಲಿಯುವವರು, ಬೇಯಿಸುವವರು ಬೇರೆ ಬೇರೆ. ಸುಲಿದ ಹಸಿ ಅಡಿಕೆ ಹೆಚ್ಚು ಕಾಯುವುದಿಲ್ಲ. ಒಬ್ಬರು ತಡಮಾಡಿದರೆ ಒಲೆಯ ಬಳಿ ಇರುವವರಿಗೆ ತಿಳಿದುಹೋಗುತ್ತದೆ. ಹೊನ್ನಾಳಿ, ನ್ಯಾಮತಿ ಕಡೆಯ ಭತ್ತದ ನಾಟಿಗೂ ಜಗಳೂರಿನಂಥ ಒಣಬೇಸಾಯದ ನಾಡಿನ ಬಿತ್ತನೆಗೂ ಗಡುವಿದೆ. ಒಣಬೇಸಾಯದಲ್ಲಿ ಮಳೆ ಬಿದ್ದ ಮೇಲೆ ನೆಲದ ಹಸಿ ಆರುವುದರೊಳಗೆ ಬಿತ್ತಬೇಕು. ಈ ಅವಸರದ ಕೆಲಸಗಳಿಗೆ ಒಗ್ಗುವುದು ಮುಯ್ಯಾಳು: ಇವತ್ತು ಇವರ ಹೊಲಕ್ಕೆ ಬಂದವರ ಋಣ, ಅವರ ಹೊಲದಲ್ಲಿ ಅಷ್ಟೇ ದಿನ ದುಡಿದಾಗ ತೀರುತ್ತದೆ. ಬಾರದವರ ಹೊಲಕ್ಕೆ ಮುಂದೆ ಯಾರು ಹೋಗುತ್ತಾರೆ?

ಇದನ್ನು ಹಳ್ಳಿಯ ಸೌಹಾರ್ದದ ಚಿತ್ರವಾಗಿ ಕಾಣಬೇಕಾಗಿಲ್ಲ. ಹೊಲವಿಲ್ಲದ ಕೂಲಿಯವರಿಗೆ ಮುಯ್ಯಿ ತೀರಿಸಿಕೊಳ್ಳಲು ಜಾಗವೇ ಇಲ್ಲ. ಅವರ ಸಂಬಂಧ ಕೂಲಿಯ ದರದ್ದು. ಕಂಪನಿಯ ನೌಕರರದ್ದೂ ಬಹುಪಾಲು ಇದೇ ಸ್ಥಿತಿ. ಬಡ್ತಿಗೆ ಪೈಪೋಟಿ ನಡೆಸುವವರನ್ನು, ಸಂಬಳದ ಅಸಮಾಧಾನ ಇರುವವರನ್ನು ಭಾನುವಾರ ಆಟಕ್ಕೆ ನಿಲ್ಲಿಸಿದರೆ ರಜೆ ಕಳೆದ ಸಿಟ್ಟೂ ಸೇರಿಕೊಳ್ಳುತ್ತದೆ. ಮೈ ಆಗದವರಿಗೆ, ಮನೆಯಲ್ಲಿ ಎಳೆಮಕ್ಕಳಿರುವವರಿಗೆ ‘ಬರುವುದಿಲ್ಲ’ ಎನ್ನುವುದೂ ಕಷ್ಟ, ಏಕೆಂದರೆ ಕರೆಯುವವರು ಮೇಲಧಿಕಾರಿಗಳು. ಕೆಲಸದ ವೇಳೆಯಲ್ಲೇ, ಇಷ್ಟವಿದ್ದವರಿಗಾಗಿ ಏರ್ಪಡಿಸಿದ ಪ್ರವಾಸಕ್ಕೆ ಈ ಆಕ್ಷೇಪಗಳು ಅಷ್ಟಾಗಿ ತಟ್ಟವು. ಅದು ಬರೀ ಮನರಂಜನೆ, ತಂಡ ಕಟ್ಟುವ ಹೊಣೆ ಅದಕ್ಕಿಲ್ಲ.