ಮೇಷ್ಟರ ಪಿಂಚಣಿ, ಕಾರ್ಮಿಕರ ಪಿಂಚಣಿ

(ಪೀಣ್ಯದ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಿವೃತ್ತ ಮೇಷ್ಟರಿಗೆ ಪಿಂಚಣಿ ಹೆಚ್ಚಿತೆಂಬ ಸುದ್ದಿ ಬಂದಾಗಲೆಲ್ಲ, “ಅವರಿಗೇನಪ್ಪ, ಸರ್ಕಾರ ಸಾಕುತ್ತದೆ” ಎಂದು ನಮ್ಮಲ್ಲಿ ಕೆಲವರು ಗೊಣಗುವುದುಂಟು. ಈ ಗೊಣಗಾಟದಿಂದ ಲಾಭ ಮಾಲೀಕರಿಗೇ ಹೊರತು ನಮಗಲ್ಲ. ಲೆಕ್ಕ ನೋಡಿ.

7ನೆಯ ರಾಜ್ಯ ವೇತನ ಆಯೋಗದ ಶಿಫಾರಸಿನ ಮೇಲೆ 2024ರ ಆಗಸ್ಟ್ 1ರಿಂದ ರಾಜ್ಯ ಸರ್ಕಾರದ ನಿವೃತ್ತ ನೌಕರರ ಕನಿಷ್ಠ ಪಿಂಚಣಿ 8,500 ರೂಪಾಯಿಯಿಂದ 13,500ಕ್ಕೆ ಏರಿತು. ಸರ್ಕಾರಿ ಶಾಲೆಯ ಮೇಷ್ಟರೂ ಇದರಲ್ಲಿ ಸೇರಿದ್ದಾರೆ. ಅವರು ತೀರಿಕೊಂಡರೆ ಮನೆಯವರಿಗೆ ಕುಟುಂಬ ಪಿಂಚಣಿ, ಅದಕ್ಕೂ ತುಟ್ಟಿಭತ್ಯೆ. ಇದು ನ್ಯಾಯವೇ ಸರಿ.

ಇದೇ ಪೀಣ್ಯದ ಖಾಸಗಿ ಶಾಲೆಯಲ್ಲಿ ಪಾಠ ಹೇಳಿದ ಮೇಷ್ಟರ ಗತಿಯೇನು? ಅವರೂ, ಲೇತ್ ಯಂತ್ರದ ಕಾರ್ಮಿಕನೂ, ಗಾರ್ಮೆಂಟ್ಸಿನ ಹೆಣ್ಣುಮಗಳೂ ಬರುವುದು 1995ರ ನೌಕರರ ಪಿಂಚಣಿ ಯೋಜನೆಗೆ. 2014ರ ಸೆಪ್ಟೆಂಬರಿನಲ್ಲಿ ಇದರ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಮಾಡಿದರು. ಹತ್ತು ವರ್ಷ ಕಳೆದು ಸರ್ಕಾರಿ ಮೇಷ್ಟರಿಗೆ 13,500 ಆದಾಗಲೂ ಇಲ್ಲಿ ಅದೇ 1,000! ತುಟ್ಟಿಭತ್ಯೆಯ ಮಾತೇ ಇಲ್ಲ. ಗಂಡ ಸತ್ತರೆ ಹೆಂಡತಿಗೆ ಅವನ ಪಿಂಚಣಿಯ ಅರ್ಧ. 2014ರಲ್ಲಿ ಲೆಕ್ಕಕ್ಕೆ ಹಿಡಿಯುವ ಸಂಬಳಕ್ಕೆ 15,000 ರೂಪಾಯಿಯ ಮಿತಿ ಹಾಕಿದರು. ಸಂಬಳವನ್ನು ದುಡಿದ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಆ ಮಿತಿಯಲ್ಲಿ 35 ವರ್ಷ ಬೆವರು ಸುರಿಸಿದವನಿಗೂ ಹೆಚ್ಚೆಂದರೆ ಸುಮಾರು 7,500!

ಪಿಂಚಣಿ ಧಣಿಯ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸುಪ್ರೀಂ ಕೋರ್ಟು ನಕಾರಾ ಮೊಕದ್ದಮೆಯಲ್ಲಿ 1982ರ ಡಿಸೆಂಬರ್ 17ರಂದು ಹೇಳಿತು. ಆ ಮೊಕದ್ದಮೆ ಸರ್ಕಾರಿ ನಿವೃತ್ತರದು. ಸುತ್ತಿಗೆ ಹಿಡಿದ ಕೈಗೆ ಬೇರೊಂದು ನ್ಯಾಯವೆ?

ಸರ್ಕಾರಿ ಮೇಷ್ಟರ ನೆಲವೂ ಈಗ ಗಟ್ಟಿಯಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಕೆಲಸಕ್ಕೆ ಸೇರಿದವರನ್ನು ಹಳೆಯ ಪಿಂಚಣಿಯಿಂದ ತೆಗೆದು ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟುವ ಹೊಸ ಯೋಜನೆ ತಂದರು. ಆದ್ದರಿಂದ ಅವರಿಗೆ ನಾವು ಬೇಕು, ನಮಗೆ ಅವರು ಬೇಕು.

ವರ್ತಕ ಮಿತ್ರರೆ, ಇದು ನಿಮ್ಮ ಪ್ರಶ್ನೆಯೂ ಹೌದು. ಮುದುಕರ ಕೈಗೆ ಬಂದ ಹಣ ಷೇರು ಪೇಟೆಗೆ ಹೋಗುವುದಿಲ್ಲ. ಅಕ್ಕಿ, ಬೇಳೆ, ಔಷಧಿಗಾಗಿ ನಿಮ್ಮ ಅಂಗಡಿಗೇ ಬರುತ್ತದೆ. ಅದು ಬಾರದಿದ್ದರೆ ಉದ್ದವಾಗುವುದು ನಿಮ್ಮ ಸಾಲದ ಪುಸ್ತಕ.

ಕಾರ್ಮಿಕರಿಗೆ ಒಂದು ಎಚ್ಚರಿಕೆ. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗ ಹೊಸ ಖಾತೆ ತೆರೆಸಬೇಡಿ. ಹಳೆಯ ಭವಿಷ್ಯನಿಧಿ ಸಂಖ್ಯೆಯನ್ನೇ ಕೊಡಿ. ಕೆಲಸ ಬಿಟ್ಟೊಡನೆ ಪಿಂಚಣಿಯ ಪಾಲನ್ನು ಹಿಂತೆಗೆದರೆ ಆ ವರ್ಷಗಳು ಹೋದವೆಂದೇ ತಿಳಿಯಿರಿ.

ನಮ್ಮ ಬೇಡಿಕೆ ಎರಡೇ: ಕನಿಷ್ಠ ಪಿಂಚಣಿ ಬದುಕಲು ಸಾಲುವಷ್ಟಾಗಲಿ, ಬೆಲೆಯೊಡನೆ ಅದೂ ಏರಲಿ. ಮೇಷ್ಟರ ತಟ್ಟೆಯಿಂದ ಕಿತ್ತು ನಮಗೆ ಬಡಿಸಿ ಎಂದು ನಾವು ಕೇಳುವುದಿಲ್ಲ. ಅವರ ಪಕ್ಕದಲ್ಲಿ ನಮಗೂ ಎಲೆ ಹಾಕಿ ಎನ್ನುತ್ತೇವೆ.