ಡ್ರಿಲ್ ಬಿಟ್ಟಿನ ಮೊನೆ, ಯಂತ್ರದ ಸಾಣೆ

(ಸಂಘದ ರವಿವಾರದ ಕೂಟದಲ್ಲಿ ಫಿಟರ್ ಸದಸ್ಯರೊಬ್ಬರು ಮಾಡಿದ ಭಾಷಣ)



ಭಾಷಣ ನನ್ನ ಕಸುಬಲ್ಲ. ಮೊದಲು ಗಿರಣಿಯ ವರ್ಕ್‌ಶಾಪಿನಲ್ಲಿ, ಈಗ ಒಂದು ಸಣ್ಣ ಕಾರ್ಖಾನೆಯಲ್ಲಿ ಕಬ್ಬಿಣಕ್ಕೆ ತೂತು ಕೊರೆಯುವವನು ನಾನು. ಹೋಟೆಲಿನ ಬಂಧುಗಳು ‘ಇದರಿಂದ ನಮಗೇನು?’ ಎಂದಾರು. ನಿಮ್ಮ ತಮ್ಮನೋ ಮಗನೋ ಐ.ಟಿ.ಐ.ಯಲ್ಲಿ ಕಲಿಯುತ್ತಿದ್ದರೆ ಈ ಮಾತನ್ನು ಅವನಿಗೆ ಮುಟ್ಟಿಸಿರಿ.

ಊರ ಬಡಗಿಯ ಬೈರಿಗೆಯನ್ನು ಎಲ್ಲರೂ ಕಂಡಿದ್ದೀರಿ. ನಾವು ಬಳಸುವ ತಿರುಚಿದ ಬಿಟ್ಟಿಗೆ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತ 1863ರಲ್ಲಿ ಪೇಟೆಂಟ್ ಪಡೆದನು. ಅದರ ಮೊನೆಯಲ್ಲಿ ಎರಡು ಧಾರೆಗಳಿವೆ. ಸಾಮಾನ್ಯ ಕೆಲಸಕ್ಕೆ ಮೊನೆಯ ಕೋನ 118 ಡಿಗ್ರಿ, ಗಟ್ಟಿ ಉಕ್ಕಿಗೆ 135. ಎರಡು ಧಾರೆಗಳೂ ಒಂದೇ ಉದ್ದ, ಒಂದೇ ಓರೆ ಇರಬೇಕು. ಒಂದು ಹೆಚ್ಚಾದರೆ ತೂತು ಅಗಲವಾಗುತ್ತದೆ. ಧಾರೆಯ ಹಿಂಬದಿ ಇಳಿಜಾರಾಗಿರಬೇಕು, ಇಲ್ಲದಿದ್ದರೆ ಬಿಟ್ಟು ಕೊರೆಯದೆ ಬರಿದೆ ಉಜ್ಜುತ್ತದೆ. ಈ ಇಳಿಜಾರು ಸಣ್ಣ ಬಿಟ್ಟಿಗೆ ಹೆಚ್ಚು, ದಪ್ಪ ಬಿಟ್ಟಿಗೆ ಕಡಿಮೆ.

ಇಷ್ಟನ್ನೂ ಸಾಣೆಕಲ್ಲಿನ ಮೇಲೆ ಬರಿಗೈಯಿಂದ ಸಾಧಿಸುವ ಹಿರಿಯರಿದ್ದಾರೆ. ನಮಗೆ ವಿದ್ಯುತ್ತಿನ ಸಾಣೆಯಂತ್ರವಿದೆ. ನಮ್ಮಲ್ಲಿರುವುದು 3ರಿಂದ 13 ಮಿ.ಮೀ. ಬಿಟ್ಟುಗಳಿಗೆ. ಬಿಟ್ಟಿನ ಅಳತೆಗೆ ತಕ್ಕ ಕಾಲೆಟ್ಟಿನಲ್ಲಿ ಅದನ್ನು ಸಡಿಲವಾಗಿ ಸಿಕ್ಕಿಸಿ, ಅಳತೆಯ ಗುಂಡಿಯನ್ನು ಅದೇ ಮಿ.ಮೀ.ಗೆ ತಿರುಗಿಸಿ, ಮೊನೆ ತಡೆಗೆ ತಾಗುವಂತೆ ಕೂರಿಸಿ, ನಟ್ಟು ಬಿಗಿಯಬೇಕು. ಆಮೇಲೆ ಸಾಣೆಯ ಕಂಡಿಯಲ್ಲಿ ಎಡಕ್ಕೆ ಬಲಕ್ಕೆ ಆಡಿಸಬೇಕು. ಸಾಣೆಯ ಸದ್ದು ನಿಂತರೆ ಆ ಬದಿ ಮುಗಿಯಿತು. ಅರ್ಧ ಸುತ್ತು ತಿರುಗಿಸಿ ಇನ್ನೊಂದು ಬದಿ.

ನಾನು ಎಡವಿದ್ದು ಆ ಗುಂಡಿಯಲ್ಲಿಯೇ. ಯಂತ್ರ ಬಂದ ಹೊಸತರಲ್ಲಿ 12 ಮಿ.ಮೀ. ಬಿಟ್ಟನ್ನು ಸಾಣೆ ಹಿಡಿದು, ಕಾಲೆಟ್ ಮಾತ್ರ ಬದಲಿಸಿ, ಗುಂಡಿಯನ್ನು ಮುಟ್ಟದೆ 6 ಮಿ.ಮೀ.ಯದನ್ನೂ ತೂರಿಸಿದೆ. ನೋಡಲು ಹೊಳಪೋ ಹೊಳಪು! ಕೊರೆಯಹೊರಟರೆ ಕಿರ್ರೆಂದಿತು, ಹೊಗೆ ಎದ್ದಿತು. ನಾನು ಇನ್ನಷ್ಟು ಒತ್ತಿದೆ. ಬಿಟ್ಟು ಮುರಿದು ಒಂದು ತುಂಡು ಎರಕದಲ್ಲಿಯೇ ಉಳಿಯಿತು. ಒಂದು ಚೂರು ಹಾರಿ ಕೆನ್ನೆಗೆ ಬಡಿಯಿತು, ಕಣ್ಣಿಗಿಂತ ಒಂದು ಬೆರಳು ಕೆಳಗೆ. ಕನ್ನಡಕ ಜೇಬಿನಲ್ಲಿತ್ತು. ಎರಕದ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಂಡರು. ಯಂತ್ರದ ಬಳಕೆಯನ್ನು ಒಂದು ದಿನವೂ ಕಲಿಸದೆ ದಂಡ ಹಾಕಿದ್ದು ನ್ಯಾಯವೇ ಎಂದು ನಾನು ಆಗಲೂ ಕೇಳಿದೆ, ಈಗಲೂ ಕೇಳುತ್ತೇನೆ. ಆದರೆ ಗುಂಡಿ ತಿರುಗಿಸದವನು ನಾನೇ.

ಇನ್ನು ಕೆಲವು ಮಾತು. ಪದೇ ಪದೇ ಸಾಣೆಯಾಗಿ ಗಿಡ್ಡಾದ ಬಿಟ್ಟಿನ ನಡುವಣ ಬೆನ್ನು ದಪ್ಪವಾಗಿರುತ್ತದೆ. ಯಂತ್ರದ ಎರಡನೆಯ ಕಂಡಿಯಲ್ಲಿ ಅದನ್ನು ತೆಳುವು ಮಾಡದಿದ್ದರೆ ಎಷ್ಟು ಒತ್ತಿದರೂ ಇಳಿಯದು. ಹೈಸ್ಪೀಡ್ ಉಕ್ಕಿನ ಬಿಟ್ಟು ಕಾದಾಗ ನೀರಿಗೆ ಅದ್ದಬೇಡಿರಿ, ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಸಾಣೆಯ ಬಳಿ ಕೈಚೀಲ ಬೇಡ, ಕನ್ನಡಕ ಬೇಕು. 3 ಮಿ.ಮೀ.ಗಿಂತ ಸಣ್ಣದಕ್ಕೆ ಈ ಯಂತ್ರದಲ್ಲಿ ಹೆಣಗುವುದಕ್ಕಿಂತ ಹೊಸದನ್ನು ಕೊಳ್ಳುವುದೇ ಲೇಸು.

ಸಾಣೆ ಸರಿಯಾಯಿತೇ ಎಂದು ತಿಳಿಯಲು ಮೆದು ಉಕ್ಕಿನ ಚೂರೊಂದನ್ನು ಕೊರೆದು ನೋಡಿರಿ. ಎರಡು ಕಾಲುವೆಗಳಿಂದಲೂ ಒಂದೇ ಬಗೆಯ ಸುರುಳಿ ಬರಬೇಕು. ಒಂದರಿಂದ ಸುರುಳಿ, ಇನ್ನೊಂದರಿಂದ ಪುಡಿ ಬಂದರೆ ಮತ್ತೆ ಯಂತ್ರಕ್ಕೆ.

ಎರಡು ಬಿಟ್ಟು ತಂದಿದ್ದೇನೆ, ಒಂದು ಸರಿಯಾದದ್ದು, ಒಂದು ನಾನು ಕೆಡಿಸಿದ ಆ ತುಂಡು. ಕೈಯಿಂದ ಕೈಗೆ ದಾಟಿಸಿರಿ; ಮೊನೆಯನ್ನು ಬೆರಳಿನಿಂದ ಮುಟ್ಟಬೇಡಿರಿ, ದೀಪಕ್ಕೆ ಹಿಡಿದು ನೋಡಿರಿ.